ಎಡಕ್ಕೆ ಸುತ್ತುವ ಟೋಪಿ

ನದಿ ಸಮುದ್ರ ಸೇರುವಲ್ಲಿ ಒಂದು ಆಶ್ರಮವಿತ್ತು. ಅಲ್ಲಿಯ ಗುರುಗಳು ಮಂತ್ರ ಕೊಡುತ್ತಿರಲಿಲ್ಲ. ಹುಲ್ಲಿನ ಟೋಪಿ ಹೆಣೆಯುವುದನ್ನು ಕಲಿಸುತ್ತಿದ್ದರು.

ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತದ ಉದ್ದನೆಯ ಹುಲ್ಲು. ಅದನ್ನು ನೆನೆಸಿ, ಸೀಳಿ, ನೆತ್ತಿಯಿಂದ ಅಂಚಿನವರೆಗೆ ಸುತ್ತು ಸುತ್ತಾಗಿ ಹೆಣೆಯಬೇಕು. ಹೆಣೆದದ್ದನ್ನು ಕಡಲನೀರು ಒಣಗಿಸುವ ಉಪ್ಪಿನಾಗರದ ಬಿಸಿಲಲ್ಲಿ ಉಪ್ಪು ಎಳೆಯುವವರಿಗೆ ದಾನ ಮಾಡಬೇಕು. ಮೂರು ಗುರುಗಳ ಕಾಲದಿಂದ ನಡೆದುಬಂದ ನೇಮವಿದು.

ಹಮ್ಮಣ್ಣ ಹನ್ನೊಂದು ವರ್ಷದಿಂದ ಹೆಣೆಯುತ್ತಿದ್ದ. ಗುರು ಜಟ್ಟಯ್ಯನವರು ಮುಂದಿನ ಹುಣ್ಣಿಮೆಗೆ ಪೀಠ ಬಿಡುತ್ತೇನೆ ಎಂದಿದ್ದರು. ಯಾರಿಗೆ ಎಂದು ಹೇಳಿರಲಿಲ್ಲ. ಹಮ್ಮಣ್ಣನಿಗೆ ಆ ಪೀಠ ಬೇಕಿತ್ತು. ಅದರ ಹೊರತು ಬೇರೇನೂ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ದೂರದೂರಿನಿಂದ ಬಂದ ಭಕ್ತರು, ಎಲ್ಲ ಕಡೆ ಹೆಣಿಗೆ ಬಲಕ್ಕೆ ಸುತ್ತುತ್ತದಲ್ಲ, ನಿಮ್ಮದೇಕೆ ಎಡಕ್ಕೆ ಎಂದು ವಿಚಾರಿಸಿದರು.

ಹಮ್ಮಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡ. ಲೋಕ ಬಲಕ್ಕೆ ಸುತ್ತುತ್ತದೆ, ಲೋಕವನ್ನು ಬಿಟ್ಟವನು ಎಡಕ್ಕೆ ಸುತ್ತುತ್ತಾನೆ ಎಂದ. ಅಂಚು ಬೇಗ ಬಿಚ್ಚಿಕೊಳ್ಳುವುದೂ ಅದಕ್ಕೇ, ಯಾವುದೂ ನಿಲ್ಲುವುದಿಲ್ಲ ಎಂದು ತಿಳಿಯಲಿ ಎಂದ. ಭಕ್ತರು ಕೈಮುಗಿದು ಹೋದರು.

ಜಟ್ಟಯ್ಯನವರು ಕಂಬದ ಹಿಂದೆ ಕುಳಿತು ಹುಲ್ಲು ಸೀಳುತ್ತಿದ್ದರು.

"ಇದನ್ನು ನಿನಗೆ ಯಾರು ಹೇಳಿದರು?"

"ನೀವೇ, ಗುರುಗಳೇ. ನಾನು ಬಂದ ಮೊದಲ ವರ್ಷ."

"ಸುಳ್ಳು ಹೇಳಿದ್ದೆ."

ಗುರುಗಳು ಒಂದು ಟೋಪಿಯನ್ನು ಅವನ ಕಡೆ ಸರಿಸಿದರು. ಉಪ್ಪಿನಾಗರದಲ್ಲಿ ಬುದವಂತಿ ಎಂಬ ಮುದುಕಿ ಇದ್ದಾಳೆ, ಇದನ್ನು ಅವಳಿಗೆ ಕೊಟ್ಟು, ಎಡಕ್ಕೇಕೆ ಎಂದು ಕೇಳಿ ಬಾ, ಪೀಠದ ಮಾತು ಆಮೇಲೆ ಎಂದರು.

ಉಪ್ಪು ಎಳೆಯುವ ಹೆಂಗಸಿಗೆ ಹೆಣಿಗೆಯ ವಿಷಯ ಏನು ಗೊತ್ತು ಎಂದು ಹಮ್ಮಣ್ಣ ದಾರಿಯುದ್ದಕ್ಕೂ ಗೊಣಗಿಕೊಂಡ.

ಬುದವಂತಿ ಬದುವಿನ ಮೇಲೆ ಕುಳಿತು ಗಂಜಿ ಕುಡಿಯುತ್ತಿದ್ದಳು. ಹಮ್ಮಣ್ಣ ರೂಢಿಯಂತೆ ಟೋಪಿಯನ್ನು ಅವಳಿಂದ ಎರಡು ಮಾರು ದೂರದಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿದ.

"ಕೈಗೇ ಕೊಡಬಹುದಿತ್ತಲ್ಲ, ಒಡೆಯಾ. ಉಪ್ಪು ಹತ್ತುತ್ತದೆ ಅಂತಲಾ?" ಎಂದು ಅವಳು ನಕ್ಕಳು.

ಹಮ್ಮಣ್ಣ ನಗಲಿಲ್ಲ. ಬಂದ ಕೆಲಸ ಹೇಳಿದ.

ಅವಳು ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟು, ಅವನನ್ನು ತನ್ನ ಎದುರಿಗೆ ಕೂರಲು ಹೇಳಿದಳು. ಕೈಯಲ್ಲಿ ಹುಲ್ಲಿಲ್ಲದಿದ್ದರೂ ಹುಲ್ಲು ಹಿಡಿದಂತೆ ಬೆರಳು ಮಡಿಸಿ, ಕೈಯನ್ನು ತನ್ನ ಬಲಕ್ಕೆ ಒಯ್ದಳು.

"ನಿಮಗೆ ಯಾವ ಕಡೆ ಹೋದ ಹಾಗೆ ಕಂಡಿತು?"

"ಎಡಕ್ಕೆ."

"ನಿಮ್ಮ ಮೊದಲನೇ ಅಯ್ಯನವರಿಗೂ ಹಾಗೇ ಕಂಡಿತು."

ಆಮೇಲೆ ಅವಳು ನಿಧಾನವಾಗಿ ಎಲ್ಲ ಹೇಳಿದಳು. ಟೋಪಿ ಹೆಣೆಯುತ್ತಿದ್ದವರು ಉಪ್ಪಿನಾಗರದ ಹೆಂಗಸರು, ಅಯ್ಯನವರಲ್ಲ. ಅಯ್ಯನವರಿಗೆ ಕಲಿಯುವ ಆಸೆಯಾಗಿ ಅವಳ ಮುತ್ತಜ್ಜಿಯನ್ನು ಕರೆಸಿದರು. ಮುತ್ತಜ್ಜಿ ಅಂಗಳದಲ್ಲಿ ಕುಳಿತಳು, ಅಯ್ಯನವರು ಹೊಸ್ತಿಲ ಒಳಗೆ ಕುಳಿತರು. ಒಂದು ಮಳೆಗಾಲ ಪೂರ್ತಿ ಹಾಗೇ ಕಲಿತರು. ಅವಳ ಕೈ ಬಲಕ್ಕೆ ಹೋದಾಗ ಅವರ ಕೈ ಎಡಕ್ಕೆ ಹೋಯಿತು. ಬಲಗೈಯವನು ಎಡಕ್ಕೆ ಸುತ್ತಿದರೆ ಕೊನೆಯ ಸುತ್ತಿಗೆ ಬಿಗಿ ಸಿಗುವುದಿಲ್ಲ, ಅಂಚು ಬಿಚ್ಚುತ್ತದೆ.

"ಅವಳು ತಿದ್ದಲಿಲ್ಲವೇ?" ಎಂದು ಹಮ್ಮಣ್ಣ ಕೇಳಿದ.

"ತಿದ್ದಬೇಕಾದರೆ ಪಕ್ಕದಲ್ಲಿ ಕೂತು ಕೈ ಹಿಡಿಯಬೇಕು, ಒಡೆಯಾ. ಯಾರು ಬಿಡುತ್ತಿದ್ದರು?"

ನೀವು ಯಾರಾದರೂ ಈಗಲೂ ಸರಿಯಾಗಿ ಹೆಣೆಯುತ್ತೀರಾ ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಆಶ್ರಮದಿಂದ ವರ್ಷ ವರ್ಷ ಪುಕ್ಕಟೆ ಬರುತ್ತಿತ್ತು, ಹೆಣೆಯುವುದು ಯಾರಿಗೆ ಬೇಕಿತ್ತು? ಅಮ್ಮನ ಕಾಲಕ್ಕೇ ಬಿಟ್ಟುಹೋಯಿತು. ತನಗೆ ಕೈ ತಿರುಗಿಸುವ ಈ ಒಂದು ಬಗೆ ಮಾತ್ರ ನೆನಪಿದೆ. ಎದ್ದು ಹೋಗಿ ಟೋಪಿಯನ್ನು ನೆಲದಿಂದ ತಾನೇ ಎತ್ತಿಕೊಂಡಳು.

ಹಮ್ಮಣ್ಣ ಆಶ್ರಮಕ್ಕೆ ಬಂದಾಗ ಮುಖ ಬಾಡಿತ್ತು. ಗುರುಗಳ ಎದುರು ಕುಳಿತು ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

"ನಿಮಗೆ ಇದು ಮೊದಲೇ ಗೊತ್ತಿತ್ತೇ?"

"ನನ್ನ ಗುರುಗಳು ನನ್ನನ್ನು ಬುದವಂತಿಯ ತಾಯಿಯ ಹತ್ತಿರ ಕಳಿಸಿದ್ದರು."

"ಮತ್ತೆ ಎಡಕ್ಕೇ ಹೆಣೆದಿರಿ."

"ಎಡಕ್ಕೇ ಹೆಣೆದೆ. ನಿನಗೂ ಅದನ್ನೇ ಕಲಿಸಿದೆ."

ಪೀಠ ಏರುವ ದಿನ ಹಿಂದಿನ ಗುರುಗಳ ಹೆಸರುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳುವ ಪದ್ಧತಿಯಿತ್ತು. ಪೀಠ ತನಗೆ ಬಂದರೆ ಮೊದಲು ಆ ಮುತ್ತಜ್ಜಿಯ ಹೆಸರು ಹೇಳುತ್ತೇನೆ, ಆಮೇಲೆ ಉಳಿದವರದು ಎಂದು ಹಮ್ಮಣ್ಣ ಹೇಳಿದ. ಭಕ್ತರು ಎದ್ದು ಹೋದರೆ ಹೋಗಲಿ ಎಂದ.

ಜಟ್ಟಯ್ಯನವರು ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟರು. ಹನ್ನೊಂದು ವರ್ಷದಲ್ಲಿ ಹಮ್ಮಣ್ಣ ಆ ಮುಖದಲ್ಲಿ ಅಂಥ ಆಸೆಯನ್ನು ಕಂಡಿರಲಿಲ್ಲ.

"ಈಗಲೇ ಹೇಳು, ಮಗೂ. ನಾನೂ ಕೇಳಿಕೊಳ್ಳುತ್ತೇನೆ. ಅವಳ ಹೆಸರೇನು?"

ಹಮ್ಮಣ್ಣ ಬಾಯಿ ತೆರೆದ. ಬುದವಂತಿಯ ಮಡಿಸಿದ ಬೆರಳುಗಳು ನೆನಪಾದವು. ಬದು, ಗಂಜಿಯ ಬಟ್ಟಲು ನೆನಪಾದವು. ಹೆಸರನ್ನು ಅವನು ಕೇಳಿರಲಿಲ್ಲ.

"ನಾಳೆ ಹೋಗಿ ಕೇಳಿ ಬರುತ್ತೇನೆ, ಗುರುಗಳೇ" ಎಂದ.

ಜಟ್ಟಯ್ಯನವರು ಹುಲ್ಲನ್ನು ಮತ್ತೆ ಕೈಗೆತ್ತಿಕೊಂಡು ಎಡಕ್ಕೆ ಒಂದು ಸುತ್ತು ಹೆಣೆದರು.

"ನನ್ನ ಗುರುಗಳಿಗೆ ನಾನೂ ಹೀಗೇ ಹೇಳಿದ್ದೆ, ಹೋಗಲಿಲ್ಲ. ಪೀಠಕ್ಕೆ ನೀನೇ ಸರಿ."