ಒರೆಯೊಳಗಿನ ಪಟ್ಟಿ

"ಗುರುಗಳೇ, ಅನ್ಯಾಯ ಕಂಡಾಗ ಬರುವ ಕೋಪವನ್ನೂ ಬಿಡಬೇಕೇ?"

ಶಿಷ್ಯ ಇದನ್ನು ನಿಂತೇ ಕೇಳಿದ. ಅವನ ತಾಯಿ ಊರ ಕೆರೆಯಲ್ಲಿ ನೀರು ತುಂಬಿದಳೆಂದು ಊರಗೌಡ ಅವಳ ಕೊಡ ಒಡೆಸಿ, ಮೆಟ್ಟಿಲಿಂದ ಕೆಳಗೆ ನೂಕಿಸಿದ್ದ. ಅದನ್ನೆಲ್ಲ ಒಂದು ಓಲೆಯಲ್ಲಿ ಬರೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಶಿಷ್ಯ ಅರಸನ ಬಳಿಗೆ ಹೊರಟಿದ್ದ. ಓಲೆಯಲ್ಲಿದ್ದುದೆಲ್ಲ ನಿಜ, ಕೊನೆಯ ಸಾಲೊಂದರ ಹೊರತು. ಗೌಡ ಗುಡಿಯ ಒಡವೆ ಕದ್ದಿದ್ದಾನೆ ಎಂದು ಆ ಸಾಲಿನಲ್ಲಿತ್ತು. ಅದು ನಿನಗೆ ಹೇಗೆ ಗೊತ್ತು ಎಂದು ಗುರುಗಳು ಕೇಳಿದ್ದರು. ಶಿಷ್ಯ ಅದಕ್ಕೆ ಉತ್ತರ ಕೊಡದೆ ಈ ಪ್ರಶ್ನೆ ಹಾಕಿದ್ದ. ಸಿಟ್ಟಿನಲ್ಲಿ ಕೊಯ್ದ ಮೂಗಿನ ಗಾದೆಯನ್ನು ಮಾತ್ರ ಹೇಳಬೇಡಿ ಎಂದೂ ಸೇರಿಸಿದ.

ಹೇಳುವುದಿಲ್ಲ, ಕೂತುಕೋ ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಕೋಟೆಯಲ್ಲಿ ಓಬಳನೆಂಬ ತೊಗಲಿನ ಕೆಲಸಗಾರನಿದ್ದ. ಆ ಕೋಟೆಯ ಪಡೆಗೆ ಎಸೆಗೊಡಲಿಯೇ ಆಯುಧ. ದೂರದಿಂದ ಬೀಸಿ ಎಸೆಯುವ ಸಣ್ಣ ಕೊಡಲಿ, ಅಲಗು ಮಾತ್ರ ಕ್ಷೌರದ ಕತ್ತಿಯಷ್ಟು ಹರಿತ. ಅದನ್ನು ಸೊಂಟದಲ್ಲಿಟ್ಟುಕೊಂಡು ಓಡಬೇಕೆಂದರೆ ಒರೆ ಬೇಕು. ಕೋಟೆಯ ಒರೆಗಳನ್ನೆಲ್ಲ ಹೊಲಿಯುತ್ತಿದ್ದವನು ಓಬಳ.

ಅವನು ತೊಗಲನ್ನು ನೆನೆಸಿ, ಕೊಡಲಿಯ ಅಳತೆಯ ಮರದಚ್ಚಿಗೆ ಒತ್ತಿ ಒಣಗಿಸಿ, ಅಂಚು ಕೂಡಿಸಿ ಹೊಲಿಯುತ್ತಿದ್ದ. ಹೊಲಿಯುವ ಮುಂಚೆ ಎರಡು ಪದರಗಳ ನಡುವೆ, ಅಲಗು ಬಂದು ತಾಗುವ ಕಡೆ, ದಪ್ಪ ತೊಗಲಿನದೊಂದು ಪಟ್ಟಿ ಇಡುತ್ತಿದ್ದ. ಅಲಗು ಕಚ್ಚುವುದಾದರೆ ಆ ಪಟ್ಟಿಯನ್ನು ಕಚ್ಚಬೇಕು, ದಾರವನ್ನಲ್ಲ. ಅಂಚು ಮಡಿಸಿ ಹೊಲಿದ ಮೇಲೆ ಪಟ್ಟಿ ಯಾರ ಕಣ್ಣಿಗೂ ಕಾಣುವುದಿಲ್ಲ. ಪಟ್ಟಿ ಇದ್ದರೆ ಒರೆ, ಇಲ್ಲದಿದ್ದರೆ ಬರೀ ಚೀಲ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ.

ಆಯುಧಪೂಜೆಯ ದಿನ ಓಬಳ ದಳವಾಯಿಯ ಹೊಸ ಒರೆಯನ್ನು ತಂದ. ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು, ಪೂಜೆ ನಡೆಯುತ್ತಿದ್ದ ಮನೆಯ ಹೊಸ್ತಿಲ ಬಳಿ ಇಟ್ಟಿದ್ದ ಕೊಡಲಿಯನ್ನು ಎತ್ತಿಕೊಂಡ. ಕೆಲಸಗಾರನ ಕೈ, ಅಭ್ಯಾಸಬಲ. ಕೊಡಲಿಯನ್ನು ಆಗಲೇ ತೊಳೆದು ಕುಂಕುಮ ಹಚ್ಚಿದ್ದರು. ದಳವಾಯಿ ಉರಿದುಬಿದ್ದ. ತೊಗಲು ಮುಟ್ಟುವ ಕೈಯಲ್ಲಿ ಪೂಜೆಯ ಆಯುಧ ಮುಟ್ಟಿದೆಯಾ ಎಂದು ಗದರಿ, ಒರೆಯನ್ನು ಬೂದಿಗುಂಡಿಗೆ ಒದ್ದ.

ಓಬಳ ತಲೆ ಬಗ್ಗಿಸಿಯೇ ಕೇಳಿದ. "ಬುದ್ಧಿ, ಒಳಗೆ ಬಾರಿಸ್ತಾ ಅವ್ರಲ್ಲ, ಆ ನಗಾರಿಗೆ ಹೊದಿಸಿರೋದು ಏನು?"

ದಳವಾಯಿ ಉತ್ತರಕ್ಕೆ ಚಾವಟಿ ತರಿಸಿದ. ಎಲ್ಲರೆದುರು ಎಂಟು ಏಟು ಹೊಡೆಸಿದ. ಚಾವಟಿಯೂ ತೊಗಲಿನದೇ, ಹೆಣೆದವನೂ ಓಬಳನೇ. ಆ ತೊಗಲಿಗೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ ನೋಡು! ಇದು ಅನ್ಯಾಯ ಎಂದು ಪಡೆಯವರೇ ಒಬ್ಬರಿಗೊಬ್ಬರು ಹೇಳಿಕೊಂಡರು. ದಳವಾಯಿಯ ಮುಂದಿನ ಸವಾರಿ ಮುಗಿದ ಮೇಲೆ ಕೋಟೆಯ ಒಡೆಯನಾದ ಪಾಳೆಯಗಾರನ ಮುಂದೆ ದೂರು ಒಯ್ಯುವುದೆಂದು ಊರ ಹಿರಿಯರು ಮಾತಾಡಿಕೊಂಡರು. ಅಂಥ ಮಾತು ಆ ಕೋಟೆಯಲ್ಲಿ ಅದೇ ಮೊದಲು.

ದಳವಾಯಿಗೆ ನಾಚಿಕೆಯೆಂಬುದಿರಲಿಲ್ಲ. ಮೂರನೆಯ ದಿನ ಸವಾರಿ ಹೊರಡುತ್ತೇನೆ, ಅಷ್ಟರಲ್ಲಿ ಬೇರೆ ಒರೆ ತಾ ಎಂದು ಓಬಳನಿಗೇ ಹೇಳಿಕಳಿಸಿದ.

ಓಬಳ ಹೊಲಿಯಲು ಕೂತ. ಬಗ್ಗಿದಾಗಲೆಲ್ಲ ಬೆನ್ನಿನ ಗಾಯ ಬಿರಿಯುತ್ತಿತ್ತು. ಪಟ್ಟಿಯನ್ನು ಕತ್ತರಿಸಿ ಕೈಗೆ ತೆಗೆದುಕೊಂಡ. ಇದನ್ನು ಯಾರ ತೊಡೆ ಉಳಿಸಲು ಇಡಬೇಕು ಎಂದು ಯೋಚಿಸಿದ. ಹಲ್ಲು ಕಚ್ಚಿ ಪಟ್ಟಿಯನ್ನು ಮೂಲೆಗೆ ಎಸೆದು ಒರೆ ಹೊಲಿದು ಮುಗಿಸಿದ. ಅಷ್ಟು ಅಂದದ ಹೊಲಿಗೆಯನ್ನು ಅವನು ಹಿಂದೆಂದೂ ಹಾಕಿರಲಿಲ್ಲ.

ಸವಾರಿಯ ಬೆಳಿಗ್ಗೆ ಒರೆಯನ್ನು ಕೋಟೆಯ ಬಾಗಿಲಲ್ಲಿ ಕೊಟ್ಟು ಮನೆಯ ದಾರಿ ಹಿಡಿದ. ಅರ್ಧ ದಾರಿಯಲ್ಲಿ ಕೊಂಬು ಊದಿದ್ದು ಕೇಳಿಸಿತು. ಆಗ ಅವನಿಗೆ ನೆನಪಾಯಿತು. ಹೊಸ ಒರೆಯನ್ನು ದಳವಾಯಿ ಎಂದೂ ತಾನೇ ಮೊದಲು ಕಟ್ಟುತ್ತಿರಲಿಲ್ಲ. ಹೊಸ ತೊಗಲಿನಲ್ಲಿ ಹೊಲಿದವನ ಕೈಯ ಮೈಲಿಗೆ ಇರುತ್ತದಂತೆ. ಕುದುರೆಯ ಮುಂದೆ ಓಡುವ ಆಳು ಒಂದು ಸವಾರಿಯುದ್ದಕ್ಕೂ ತನ್ನ ಕೊಡಲಿಯನ್ನು ಅದರಲ್ಲಿಟ್ಟು ಕಟ್ಟಿಕೊಂಡು ಓಡಿದರೆ, ಅವನ ಬೆವರಿಗೆ ಆ ಮೈಲಿಗೆ ಹೋಗುತ್ತದಂತೆ. ಇದು ಊರಿಗೆಲ್ಲ ಗೊತ್ತು, ಓಬಳನಿಗೂ ಗೊತ್ತು. ಆ ಓಟದಾಳು ಬೇರೆ ಯಾರೂ ಅಲ್ಲ, ಓಬಳನ ಹೆಂಡತಿಯ ತಮ್ಮ ಕೆಂಚ.

ಓಬಳ ತಿರುಗಿ ಓಡಿದ. ಬೆನ್ನಿನ ಗಾಯ ಒಡೆದು ರಕ್ತ ಇಳಿಯಿತು, ನಿಲ್ಲಲಿಲ್ಲ. ಆದರೆ ಕೆಂಚ ಆ ಸೀಮೆಗೇ ಹೆಸರಾದ ಓಟಗಾರ. ಅವನನ್ನು ಹಿಂದಿನಿಂದ ಓಡಿ ಹಿಡಿದವರು ಯಾರೂ ಇರಲಿಲ್ಲ.

ಮಧ್ಯಾಹ್ನಕ್ಕೆ ಕೆಂಚನನ್ನು ಮಂಚದ ಮೇಲೆ ಹೊತ್ತು ತಂದರು. ಓಟದ ಕುಲುಕಿಗೆ ಅಲಗು ದಾರವನ್ನು ಒಂದೊಂದಾಗಿ ಕೊಯ್ದು, ಕೊನೆಗೆ ಅವನ ತೊಡೆಯ ನರವನ್ನೇ ಕೊಯ್ದಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

"ಭಾವ, ನಿನ್ನ ಕೈ ಹೊಲಿಗೆ ಅಂತ ಬೆರಳಿಟ್ಟೂ ನೋಡ್ದೆ ಕಟ್ಕಂಡೆ," ಎಂದ ಕೆಂಚ.

ಓಬಳನ ಹೆಂಡತಿ ಒರೆಯನ್ನು ಎತ್ತಿಕೊಂಡಳು. ಎಷ್ಟೋ ವರ್ಷ ಅವನಿಗೆ ದಾರ ಹೊಸೆದುಕೊಟ್ಟವಳು ಅವಳು. ಅಂಚಿನೊಳಗೆ ಬೆರಳು ಹಾಕಿ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದಳು. ಗಂಡನ ಮುಖವನ್ನು ಒಮ್ಮೆ ನೋಡಿ, ತಮ್ಮನ ಗಾಯ ತೊಳೆಯಲು ಹೋದಳು. ಕೊಡಲಿ ಕಾವು ಕುಲಕ್ಕೆ ಸಾವು ಎಂದು ಕೇರಿಯವರು ಓಬಳನ ಬಾಗಿಲಲ್ಲೇ ನಿಂತು ಹೇಳಿದರು.

ದಳವಾಯಿಯ ಮೈಗೆ ಒಂದು ಗೀರೂ ಬೀಳಲಿಲ್ಲ. ಅವನು ಆ ಒರೆಯನ್ನು ತರಿಸಿ, ಪಟ್ಟಿಯಿಲ್ಲದ ಅಂಚನ್ನು ಬಿಡಿಸಿ ಪಡೆಯವರಿಗೆಲ್ಲ ತೋರಿಸಿದ. ಇಂಥವನಿಗೆ ಎಂಟು ಏಟು ಸಾಕಾಗಿತ್ತೇ ನೀವೇ ಹೇಳಿ ಎಂದ. ಪಾಳೆಯಗಾರನ ಬಳಿಗೆ ಹೊರಡಬೇಕಿದ್ದ ಹಿರಿಯರು ಅವರವರ ಮನೆಗೆ ಹೋದರು. ಆ ಎಂಟು ಏಟು ಅವತ್ತೇ ಎಲ್ಲರ ಬಾಯಿಂದಲೂ ಅಳಿಸಿಹೋಯಿತು, ಓಬಳನ ಬೆನ್ನಿನ ಮೇಲೆ ಮಾತ್ರ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖದ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಹಾಗಾದರೆ ಓಬಳ ಏಟು ತಿಂದು, ಕೋಪ ಬಿಟ್ಟು ಸುಮ್ಮನಿರಬೇಕಾಗಿತ್ತು ಅನ್ನುತ್ತೀರಿ," ಎಂದ.

ಈಗ ಗುರುಗಳಿಗೇ ಕೋಪ ಬಂತು.

"ಕೋಪ ಬಿಡಬೇಕಾಗಿರಲಿಲ್ಲ, ಪಟ್ಟಿ ಬಿಡಬಾರದಾಗಿತ್ತು."

ಶಿಷ್ಯ ಸೊಂಟದಿಂದ ಓಲೆಯನ್ನು ತೆಗೆದು, ಅದರ ಕೊನೆಯ ಸಾಲಿನ ಮೇಲೆ ಬೆರಳಿಟ್ಟ.