ದೊಡ್ಡ ಬಡಗಿಯ ಬ್ಲೇಡು

"ಗುರುಗಳೇ, ಒಂದೇ ವ್ರತ ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಕೆಡವುತ್ತದೆಯೇ?" ಎಂದು ಗುರುಪಾದ ಕೇಳಿದ.

ಆಶ್ರಮದಲ್ಲಿ ಹಿರಿಯ ಸಾಧಕರೊಬ್ಬರಿದ್ದರು. ಅವರು ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದರು. ಅವರ ಮುಖ ಸದಾ ತಿಳಿಯಾಗಿರುತ್ತಿತ್ತು. ಅವರನ್ನು ನೋಡಿ ಗುರುಪಾದನೂ ಎಲ್ಲರೆದುರು ಅದೇ ವ್ರತ ಹಿಡಿದಿದ್ದ. ಈಗ ಧ್ಯಾನಕ್ಕೆ ಕುಳಿತರೆ ಅವನಿಗೆ ತಲೆ ಸುತ್ತುತ್ತಿತ್ತು. ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು. ಹಿಂದಿನ ದಿನ ಪಾಠದ ನಡುವೆ ಕಣ್ಣು ಕತ್ತಲೆಗಟ್ಟಿ ಕಂಬ ಹಿಡಿದು ನಿಂತಿದ್ದ.

"ಅವರಿಗೆ ಒಗ್ಗಿದ್ದು ನನಗೆ ಒಗ್ಗುತ್ತಿಲ್ಲ. ದೋಷ ವ್ರತದಲ್ಲಿದೆಯೋ, ನನ್ನಲ್ಲಿದೆಯೋ?"

ಗುರುಗಳು ಅವನನ್ನು ಕುಳ್ಳಿರಿಸಿ ಈ ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಕನ್ನಡಿಗೆ, ಪಟಗಳಿಗೆ ಚೌಕಟ್ಟು ಮಾಡುವುದು ಅವನ ಕಸುಬು. ಅವನ ಬಳಿ ಮರವನ್ನು ಓರೆಯಾಗಿ ಕತ್ತರಿಸುವ ವಿದ್ಯುತ್ ಗರಗಸವಿತ್ತು. ಪೇಟೆಯವರು ಅದನ್ನು ಮೈಟರ್ ಸಾ ಎನ್ನುತ್ತಾರೆ. ಮರವನ್ನು ಅಲುಗದಂತೆ ಇಟ್ಟು, ತಿರುಗುವ ದುಂಡನೆಯ ಬ್ಲೇಡನ್ನು ಮೇಲಿನಿಂದ ಇಳಿಸಬೇಕು. ಪಟ್ಟಿಗಳ ತುದಿ ಸರಿಯಾದ ಓರೆಯಲ್ಲಿ ತುಂಡಾದರೆ ಮೂಲೆಗಳು ಕೂಡುತ್ತವೆ. ಇಲ್ಲದಿದ್ದರೆ ಸಂದು ಬಿಡುತ್ತದೆ.

ಒಂದು ದಿನ ಒಬ್ಬ ತಾಯಿ ಅವನಲ್ಲಿಗೆ ಬಂದಳು. ಮುರಿದುಹೋದ ತೊಟ್ಟಿಲೊಂದರ ಬೀಟೆ ಮರದ ಪಟ್ಟಿಗಳನ್ನು ತಂದಿದ್ದಳು.

"ಅಣ್ಣ, ನನ್ನ ಮಗಳು ಮಲಗಿದ ತೊಟ್ಟಿಲು ಇದು. ಅವಳ ಮದುವೆ ಗೊತ್ತಾಗಿದೆ. ಇದರಿಂದ ಒಂದು ಕನ್ನಡಿ ಚೌಕಟ್ಟು ಮಾಡಿಕೊಡಿ. ಅವಳು ಹೋದ ಮನೆಯಲ್ಲಿ ಇರಲಿ" ಎಂದಳು.

ಬಡಗಿ ಮರವನ್ನು ಅಳೆದು ನೋಡಿದ. ಒಂದು ಚೌಕಟ್ಟಿಗೆ ಸಾಕಾಗುವಷ್ಟಿತ್ತು. ಒಂದು ಪಟ್ಟಿ ಕೆಟ್ಟರೆ ಬದಲಿಗೆ ಬೇರೆ ಇರಲಿಲ್ಲ. ಅವನು ಒಪ್ಪಿಕೊಂಡ.

ಅವನ ಯಂತ್ರದ ಬ್ಲೇಡು ಹಳೆಯದಾಗಿತ್ತು. ಹಲ್ಲು ಮೊಂಡಾಗಿ, ಕತ್ತರಿಸಿದಲ್ಲೆಲ್ಲ ಮರ ಸುಟ್ಟು ಕಪ್ಪಾಗುತ್ತಿತ್ತು. ಇಂಥ ಮರಕ್ಕೆ ಇದು ಬೇಡ, ಹೊಸದನ್ನೇ ಹಾಕುತ್ತೇನೆ ಎಂದು ಅವನು ಪೇಟೆಗೆ ಹೋದ.

ಆ ಪೇಟೆಯಲ್ಲಿ ಹೆಸರಾಂತ ಬಡಗಿಯೊಬ್ಬನಿದ್ದ. ಎಲ್ಲರೂ ಅವನನ್ನು ದೊಡ್ಡ ಬಡಗಿ ಎನ್ನುತ್ತಿದ್ದರು. ದೊಡ್ಡ ದೊಡ್ಡ ಮನೆಗಳ ಬಾಗಿಲು ಅವನ ಕೈಯಿಂದಲೇ ಆಗಬೇಕಿತ್ತು.

ಅಂಗಡಿಯವನು, "ನಿಮ್ಮ ಯಂತ್ರ ಯಾವುದು ಆಚಾರ್ರೇ?" ಎಂದು ಕೇಳಿದ.

"ಯಂತ್ರದ ಮಾತು ಇರಲಿ. ದೊಡ್ಡ ಬಡಗಿ ಯಾವ ಬ್ಲೇಡು ಒಯ್ಯುತ್ತಾನೋ ಅದನ್ನೇ ಕೊಡಿ."

ಅಂಗಡಿಯವನು ಮತ್ತೇನೋ ಹೇಳಲು ಬಾಯಿ ತೆರೆದ. ಬಡಗಿ ಕೈ ಅಡ್ಡ ಮಾಡಿ, "ಮರ ಕೊಯ್ದೇ ಕೂದಲು ನರೆತಿದೆ ನನಗೆ" ಎಂದ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನರಿದ್ದರು. ಅಂಗಡಿಯವನು ಸುಮ್ಮನೆ ಬ್ಲೇಡು ತೆಗೆದುಕೊಟ್ಟ.

ಅದು ಒಳ್ಳೆಯ ಬ್ಲೇಡು. ಹಲ್ಲುಗಳು ಕೆಲವೇ, ಆದರೆ ಒಂದೊಂದೂ ದೊಡ್ಡದು, ಹರಿತ, ಮುಂದಕ್ಕೆ ಬಾಗಿದ್ದು. ಅಗಲ ಸರಿಯಿತ್ತು. ನಡುವಿನ ತೂತು ಯಂತ್ರದ ಅಚ್ಚಿಗೆ ಸರಿಯಾಗಿ ಕೂತಿತು. ಬಡಗಿಗೆ ಖುಷಿಯಾಯಿತು.

ಮೊದಲು ಕಾಡುಮರದ ತುಂಡೊಂದನ್ನು ಕತ್ತರಿಸಿ ನೋಡಿದ. ಕೆಳಗಿಟ್ಟ ಮರ ನಡುಗಿತು. ತುಂಡಾದ ಅಂಚಿನಲ್ಲಿ ಸಿಬಿರೆದ್ದಿತು. ಬಡಗಿ ಬ್ಲೇಡನ್ನು ಅನುಮಾನಿಸಲಿಲ್ಲ. ದೊಡ್ಡ ಬಡಗಿಯ ಬ್ಲೇಡು ತಪ್ಪುವುದಿಲ್ಲ, ನನ್ನ ಕೈಯೇ ತಪ್ಪಿರಬೇಕು ಎಂದುಕೊಂಡ. ಇನ್ನೊಂದು ತುಂಡನ್ನು ಮೆಲ್ಲಗೆ ಕತ್ತರಿಸಿದ. ಮತ್ತೊಂದನ್ನು ಬಿರುಸಾಗಿ ಕತ್ತರಿಸಿದ. ಎರಡೂ ಹಾಗೆಯೇ ಆದವು. ಬೀಟೆ ಗಟ್ಟಿ ಮರ, ಅದರಲ್ಲಿ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ತೊಟ್ಟಿಲ ಪಟ್ಟಿಯನ್ನು ಇಟ್ಟು, ಎಡಗೈಯಲ್ಲಿ ಒತ್ತಿ ಹಿಡಿದು, ಬ್ಲೇಡು ಇಳಿಸಿದ.

ಬ್ಲೇಡು ಮರವನ್ನು ಕಚ್ಚಿ ಎಳೆದುಕೊಂಡಿತು. ಪಟ್ಟಿ ಕೈಯಿಂದ ಕಿತ್ತುಕೊಂಡು ಹಾರಿ ಗೋಡೆಗೆ ಬಡಿಯಿತು. ಹಿಡಿದಿದ್ದ ಕೈ ಜಾರಿ ಬ್ಲೇಡಿನ ಕಡೆಗೇ ಹೋಯಿತು. ಹೇಗೆ ಹಿಂದಕ್ಕೆಳೆದುಕೊಂಡನೋ ಅವನಿಗೇ ತಿಳಿಯದು. ಯಂತ್ರ ನಿಲ್ಲಿಸಿ, ನೆಲದ ಮೇಲೆ ಕುಳಿತ.

ಸದ್ದು ಕೇಳಿ ಹೆಂಡತಿ ಓಡಿ ಬಂದಳು.

"ಕೈ ತೋರಿಸಿ."

ಅವನು ತೋರಿಸಿದ. ಅವಳು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲವೂ ಇದ್ದವು. ಅಂಗೈ ಮಾತ್ರ ತರಚಿತ್ತು. ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು.

"ಆ ಬ್ಲೇಡು ಬಿಚ್ಚಿ. ವಾಪಸ್ಸು ಒಯ್ದು ಕೇಳಿ."

"ಒಯ್ದರೆ ನಗುತ್ತಾರೆ. ಕೂದಲು ನರೆತಿದೆ ಎಂದು ಎಲ್ಲರೆದುರು ಹೇಳಿ ಬಂದಿದ್ದೇನೆ."

"ನಗಲಿ. ಯಾರೋ ನಕ್ಕರೆ ನಿಮ್ಮ ಬೆರಳು ಹೋಗುತ್ತದೆಯೇ?"

ಅವನು ಎದ್ದ. ಯಂತ್ರದ ತಂತಿ ಕಿತ್ತಿಟ್ಟು ಬ್ಲೇಡು ಬಿಚ್ಚಿದ.

ಪೇಟೆಯ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸುತ್ತಾ ಹೋದ. ಬ್ಲೇಡೇ ಸರಿಯಿಲ್ಲ ಎಂದು ಜಗಳ ತೆಗೆಯೋಣವೆಂದೂ ಅನ್ನಿಸಿತು. ಅಂಗಡಿ ಮುಟ್ಟಿದಾಗ ಆ ಯೋಚನೆ ಬಿಟ್ಟ. ಬ್ಲೇಡನ್ನು ಮುಂದಿಟ್ಟು, ತರಚಿದ ಅಂಗೈ ತೋರಿಸಿದ.

ಅಂಗಡಿಯವನು ಅವನಿಗೆ ಕುರ್ಚಿ ಕೊಟ್ಟ, ನೀರು ಕೊಟ್ಟ. ಆಮೇಲೆ ಮೊದಲಿನ ಮಾತನ್ನೇ ಕೇಳಿದ:

"ನಿಮ್ಮ ಯಂತ್ರ ಯಾವುದು ಆಚಾರ್ರೇ?"

ಬಡಗಿ ಹೇಳಿದ. ಯಾವ ಮರ, ಯಾವ ಕೆಲಸ ಎಂಬುದನ್ನೂ ಹೇಳಿದ. ತೊಟ್ಟಿಲಿನ ಮಾತನ್ನೂ ಹೇಳಿದ.

ಅಂಗಡಿಯವನೆಂದ: "ದೊಡ್ಡ ಬಡಗಿಯದು ಮೇಜಿನ ಗರಗಸ. ಅವನು ಹಲಗೆಯನ್ನು ಉದ್ದಕ್ಕೆ ಸೀಳುತ್ತಾನೆ. ಅಲ್ಲಿ ಬ್ಲೇಡು ಇದ್ದಲ್ಲೇ ಇರುತ್ತದೆ, ಅವನು ಮರವನ್ನು ತಳ್ಳುತ್ತಾನೆ. ಬಾಗಿದ ದೊಡ್ಡ ಹಲ್ಲು ಅದಕ್ಕೆ ಚೆನ್ನ. ನಿಮ್ಮಲ್ಲಿ ಮರ ಇದ್ದಲ್ಲೇ ಇರುತ್ತದೆ, ಬ್ಲೇಡು ಅದರ ಮೇಲೆ ಇಳಿಯುತ್ತದೆ. ಮುಂದಕ್ಕೆ ಬಾಗಿದ ಹಲ್ಲು ಮರವನ್ನು ಎಳೆದುಕೊಳ್ಳುತ್ತದೆ. ನಿಮಗೆ ಬೇಕಾದ್ದು ಸಣ್ಣ ಹಲ್ಲು, ಒತ್ತೊತ್ತಾಗಿ, ಸ್ವಲ್ಪ ಹಿಂದಕ್ಕೆ ವಾಲಿದ್ದು."

ಅಂಥದೊಂದನ್ನು ತೆಗೆದು, ತೂತು ಅಳೆದು, ಯಂತ್ರದ ವೇಗವನ್ನು ಅದು ತಾಳಿಕೊಳ್ಳುತ್ತದೆ ಎಂಬುದನ್ನೂ ನೋಡಿ ಕೊಟ್ಟ. ಮೊದಲಿನದನ್ನು ಒರೆಸಿ ಹಿಂದೆ ಇಟ್ಟುಕೊಂಡ. "ಇದು ದೊಡ್ಡ ಬಡಗಿಗೆ ಬೇಕಾಗುತ್ತದೆ" ಎಂದ. ಅಷ್ಟೇ. ಅಲ್ಲಿದ್ದವರು ತಮ್ಮ ತಮ್ಮ ಸಾಮಾನು ನೋಡುತ್ತಿದ್ದರು.

ಬಡಗಿ ಮನೆಗೆ ಬಂದು ಹೊಸ ಬ್ಲೇಡು ಹಾಕಿದ. ಕಾಡುಮರದ ತುಂಡನ್ನು ಇಟ್ಟು ಇಳಿಸಿದ. ಮರ ನಡುಗಲಿಲ್ಲ. ಅಂಚು ನುಣುಪಾಗಿತ್ತು. ಹೆಂಡತಿ ಬಾಗಿಲಲ್ಲಿ ನಿಂತೇ ಇದ್ದಳು. ಅವನು ಆ ತುಂಡನ್ನು ಅವಳ ಕೈಗೆ ಕೊಟ್ಟ. ಅವಳು ಅಂಚಿನ ಮೇಲೆ ಬೆರಳಾಡಿಸಿ ನೋಡಿ ಒಳಗೆ ಹೋದಳು.

ಗೋಡೆಗೆ ಬಡಿದಿದ್ದ ತೊಟ್ಟಿಲ ಪಟ್ಟಿಯನ್ನು ಅವನು ಅಂಜುತ್ತಲೇ ಎತ್ತಿಕೊಂಡ. ಸಿಬಿರೆದ್ದದ್ದು ತುದಿಯಲ್ಲಿ ಮಾತ್ರ. ಅಷ್ಟನ್ನು ತೆಗೆದರೂ ಮರ ಸಾಲುತ್ತಿತ್ತು, ಚೌಕಟ್ಟು ಬೆರಳಗಲ ಕಿರಿದಾಗುತ್ತಿತ್ತು ಅಷ್ಟೇ. ಅವನು ಪಟ್ಟಿಯನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಪಟ್ಟಿಗಳನ್ನು ಕತ್ತರಿಸಿ ಜೋಡಿಸಿದಾಗ ನಾಲ್ಕು ಮೂಲೆಗಳೂ ಕೂಡಿದವು.

ಆ ತಾಯಿ ಬಂದು ಚೌಕಟ್ಟಿನ ಸುತ್ತ ಕೈಯಾಡಿಸಿದಳು.

"ಎಲ್ಲಿ ಜೋಡಿಸಿದ್ದೀರಿ ಅಣ್ಣ? ಕೈಗೆ ಸಿಗುತ್ತಲೇ ಇಲ್ಲ."

ಬಡಗಿ ನಕ್ಕುಬಿಟ್ಟ. ಬಹಳ ಹೊತ್ತು ನಗುತ್ತಲೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದ ಕೇಳಿದ, "ಹಾಗಾದರೆ ದೊಡ್ಡ ಬಡಗಿಯ ಬ್ಲೇಡಿನಲ್ಲಿ ದೋಷವಿರಲಿಲ್ಲವೇ?"

"ಇರಲಿಲ್ಲ. ಅವನು ಈಗಲೂ ಅಂಥದರಲ್ಲೇ ಸೀಳುತ್ತಾನೆ."

"ಈ ಬಡಗಿಯ ಕೈಯಲ್ಲಿ?"

"ಅದರಲ್ಲೂ ಇರಲಿಲ್ಲ."

ಗುರುಪಾದ ತಲೆ ತಗ್ಗಿಸಿದ. ಅಡುಗೆಮನೆಯ ಕಡೆಯಿಂದ, ವ್ರತ ಹಿಡಿದಂದಿನಿಂದ ಅವನು ಕೂರದ ಸಂಜೆಯ ಪಂಕ್ತಿಗೆ ಎಲೆ ಹಾಸುವ ಸದ್ದು ಬರುತ್ತಿತ್ತು. ಅವನು ಅತ್ತ ನೋಡಿದ, ಆದರೆ ಏಳಲಿಲ್ಲ. ಗುರುಗಳು ಅವನ ಹೆಗಲು ಮುಟ್ಟಿ ಹೇಳಿದರು:

"ಆ ಅಂಗಡಿಯಲ್ಲಿ ಯಾರೂ ನಗಲಿಲ್ಲ ಗುರುಪಾದ, ಈ ಪಂಕ್ತಿಯಲ್ಲೂ ಯಾರೂ ನಗುವುದಿಲ್ಲ."