ಮುದ್ರೆ ಬಿದ್ದ ಅಂಗೈ

"ಅವ್ವಾ, ನಮ್ಮೂರ ಮುದುಕರು ಹೆಚ್ಚಾಗಿ ಯಾವ ಕಾಯಿಲೆಯಿಂದ ಸಾಯ್ತಾರ? ಫಾರಂ ತುಂಬಬೇಕು," ಎಂದು ಆಶಾ ಕಾರ್ಯಕರ್ತೆ ಶಿವಲೀಲಾ ಕೇಳಿದಳು. ಕೇಳಿದ್ದು ತನಗೆ ಕೆಲಸ ಕಲಿಸಿದ ಸೂಲಗಿತ್ತಿ ನೀಲಗಂಗವ್ವನನ್ನು.

ನೀಲಗಂಗವ್ವ ದನಿ ತಗ್ಗಿಸಿದಳು. "ಕದ ಮುಂದ ಮಾಡು. ಇದು ನಿನ್ನ ಹೊಟ್ಟ್ಯಾಗ ಇರಬೇಕು. ಹೊರಬಿತ್ತೋ, ನಿನ್ನ ಲಗ್ನದ ಮುಂಚಿನ ಕತಿ ನಾನೂ ಬಿಚ್ಚತೀನಿ."

ಶಿವಲೀಲಾ ಓಡಿ ಕದ ಹಾಕಿದಳು. ನೀಲಗಂಗವ್ವ ಹೇಳತೊಡಗಿದಳು.

ಒಂದೂರಿನಲ್ಲಿ ಒಬ್ಬ ಗುಮಾಸ್ತನಿದ್ದ. ಸಾವಿನ ಪುಸ್ತಕ ಬರೆಯುವುದು ಅವನ ಕೆಲಸ. ಅರವತ್ತು ದಾಟಿದವರು ಯಾರೇ ಸತ್ತರೂ ಕಾರಣದ ಜಾಗದಲ್ಲಿ 'ವಯೋಸಹಜ' ಎಂದು ಬರೆಯುತ್ತಿದ್ದ. ಕೊನೆಗೆ ಬರೆಯಲೂ ಬೇಸರವಾಗಿ ಆ ಮಾತಿನದೊಂದು ರಬ್ಬರ್ ಮುದ್ರೆ ಮಾಡಿಸಿದ. ಕಲ್ಲಿನ ಧೂಳು ಕುಡಿದು ಕೆಮ್ಮಿ ಸತ್ತವನಿಗೂ ಅದೇ, ಸಕ್ಕರೆ ಕಾಯಿಲೆಗೆ ಕಾಲು ಕೊಳೆತು ಸತ್ತವಳಿಗೂ ಅದೇ. ಊರ ಗೌಡನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಸೆಯಂದಿರು 'ನೀ ಎತ್ತು, ನೀ ಎತ್ತು' ಎಂದು ಜಗಳವಾಡುವಷ್ಟರಲ್ಲಿ ಹೋದಳು. ಅವಳಿಗೂ ಅದೇ.

ಅದೇ ಊರಿನ ಒಬ್ಬ ಮುದುಕಿಗೆ ಎದೆ ಹಿಂಡಲು ಶುರುವಾಯಿತು. ಎಡಗೈ ಜೋಮು ಹಿಡಿಯಿತು. ಮಗನಿಗೆ ಹೇಳಿದಳು.

"ವಯಸ್ಸಾತಲ್ಲಬೇ, ಇರೋದೇ ಅದು," ಎಂದ ಮಗ, ಅವಳು ಬಡಿದ ನಾಲ್ಕನೇ ರೊಟ್ಟಿ ಮುರಿಯುತ್ತಾ.

ಮುದುಕಿ ಎದ್ದು ಗುಮಾಸ್ತನ ಬಳಿ ಹೋದಳು. ದಾರಿಯಲ್ಲಿ ಮೂರು ಕಡೆ ಕೂತಳು. "ನನಗೂ ಒತ್ತು," ಎಂದು ಅಂಗೈ ಚಾಚಿದಳು.

"ಹುಚ್ಚು ಹಿಡೀತೇನಬೇ? ಸತ್ತೋರಿಗಲ್ಲೇನು ಒತ್ತೋದು!"

"ಮನ್ಯಾಗ ಆಗಲೇ ಒತ್ಯಾರ. ನಿಂದೊಂದು ಬಾಕಿ."

ಅವನು ಒಪ್ಪಲಿಲ್ಲ. ಮುದ್ರೆ ಕಸಿದು ತಾನೇ ಒತ್ತಿಕೊಂಡಳು.

ಮನೆಗೆ ಬಂದು ಕಟ್ಟೆಯ ಮೇಲೆ ಕಾಲು ನೀಡಿ ಕೂತಳು. ಒಲೆ ಹಚ್ಚಲಿಲ್ಲ. ಸೊಸೆ ಗದರಿದರೆ ಅಂಗೈ ತೋರಿಸಿದಳು. "ನಾ ಸತ್ತೀನವ್ವ. ರೊಟ್ಟಿ ನೀನ ಬಡಕೋ. ಇಲ್ಲಾ, ಎದಿ ಬಡಕೋ."

ಓಣಿಯೆಲ್ಲ ನೆರೆದು ನಕ್ಕಿತು. ಮಗ ಮಾನಕ್ಕಂಜಿ ಆಟೋ ತಂದ. ದೊಡ್ಡಾಸ್ಪತ್ರೆಯಲ್ಲಿ ಎದೆಯ ನಾಳ ಕಟ್ಟಿದೆ ಎಂದರು, ಬಿಡಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಹೆಣ ಒಯ್ಯಬೇಕಿತ್ತು ಎಂದೂ ಅಂದರು.

ಎಂಟು ದಿನಕ್ಕೆ ಮುದುಕಿ ತನ್ನ ಕಾಲ ಮೇಲೆ ನಡೆದು ಓಣಿಗೆ ಬಂದಳು. ಪಕ್ಕದ ಮನೆಯವಳು ಅಡ್ಡಗಟ್ಟಿ ಮುಖಕ್ಕೇ ಅಂದಳು: "ಇಷ್ಟು ವಯಸ್ಸಾದ ಮ್ಯಾಲೂ ಬದುಕೋ ಆಸೆ ಏನ? ನಾಚಿಕಿ ಬರೂದಿಲ್ಲೇನ ನಿನಗ?"

ನೀಲಗಂಗವ್ವ ಅಲ್ಲಿಗೇ ನಿಲ್ಲಿಸಿದಳು.

"ಮತ್ತ ಕಾಯಿಲೆ ಹೆಸರು?" ಶಿವಲೀಲಾ ಪೆನ್ನು ತೆಗೆದಳು.

"ಆ ಪಕ್ಕದ ಮನಿಯಾಕಿ ಅಂದದ್ದನ್ನ ಬರಿ."